ಬುರುಡೆ ಬಿಡಬೇಡಿ, ಬುರುಡೆ ಕೇಳಿ!

ಎರಡು ವಾರದಿಂದ ಊರಲ್ಲಿ ನನ್ನ ಹೆಸರು ಕೆಟ್ಟಿದೆ. "ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ, ಕೈತುಂಬ ಪಗಾರ, ಗುಡಿಗೆ 15 ಸಾವಿರ ಕೊಡು ಅಂದ್ರ ಕೈ ಬರವಲ್ದು ಮಗಂಗ" ಅಂತ ಚಹಾದಂಗಡಿಯಲ್ಲಿ ಮಾತಾಗುತ್ತಿದೆಯಂತೆ. ಅಮ್ಮ ಫೋನಿನಲ್ಲಿ ಹೇಳಿದಳು. ಹೇಳುವಾಗ ಅವಳ ದನಿಯೂ ಸ್ವಲ್ಪ ಅವರ ಕಡೆಗೇ ಇತ್ತು.

ಆಗಿದ್ದು ಇಷ್ಟು. ನಮ್ಮೂರು ತಾರಿಹಾಳ. ಹುಬ್ಬಳ್ಳಿಯವರಿಗೆ ತಾರಿಹಾಳ ಅಂದರೆ ಇಂಡಸ್ಟ್ರಿಯಲ್ ಏರಿಯಾ, ಅಷ್ಟೇ. ಅಲ್ಲೊಂದು ಊರಿದೆ, ಊರಲ್ಲೊಂದು ಗುಡಿ ಇದೆ, ಗುಡಿಯಲ್ಲಿ ಸೋಮವಾರ ರಾತ್ರಿ ಭಜನೆ ನಡೆಯುತ್ತದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆ ಭಜನಾ ಮಂಡಳಿಯವರು ಈಗ ಸೌಂಡ್ ಸಿಸ್ಟಮ್ ತಗೋತಿದ್ದಾರೆ. ಎರಡು ದೊಡ್ಡ ಬಾಕ್ಸು, ಒಂದು ಮಿಕ್ಸರು, ನಾಲ್ಕು ಮೈಕು. ಕಾಕಾ ಫೋನ್ ಮಾಡಿ, "ತಮ್ಮಾ, ನಿನ್ನ ಪಾಲು 15 ಸಾವಿರ ಬರಕೊಂಡೀನಿ" ಅಂದರು. ನಾನು "ಇಲ್ರಿ ಕಾಕಾ, ಕೊಡಂಗಿಲ್ಲ" ಅಂದೆ. ಕಾರಣ ಕೇಳಲಿಲ್ಲ, ಫೋನ್ ಇಟ್ಟರು. ಅವರು ಕೇಳದ ಕಾರಣವನ್ನು ನಿಮಗೆ ಹೇಳುತ್ತಿದ್ದೇನೆ. ಪಾಪ ನೀವು :-)

ಕಳೆದ ಶ್ರಾವಣದಲ್ಲಿ ಊರಿಗೆ ಹೋಗಿದ್ದೆ. ಆವತ್ತು ಬಾಡಿಗೆ ಬಾಕ್ಸ್ ತಂದಿದ್ದರು, ಈಗಿನದರ ಟ್ರಯಲ್ ಅನ್ನಿ. ಗುಡಿಯ ಹಾಲ್ ಹೆಚ್ಚೆಂದರೆ 20 ಅಡಿಗೆ 30 ಅಡಿ. ಕೂತವರು ಮೂವತ್ತು ಜನ. ಕೊನೇ ಸಾಲಿನವನಿಗೂ ಹಾಡುವವನಿಗೂ ನಡುವೆ 25 ಅಡಿ ಇಲ್ಲ. ಆದರೂ ಎರಡು ಬಾಕ್ಸು! ಪೇಟಿಗೊಂದು ಮೈಕು, ತಬಲಾಕ್ಕೊಂದು, ಹಾಡುವವರಿಗೊಂದು. ನಮ್ಮ ಅಜ್ಜನ ತಂಬೂರಿಗೆ ಮಾತ್ರ ಮೈಕ್ ಇರಲಿಲ್ಲ. "ಅದು ಬರೇ ಗುಂಯ್ ಅಂತದ, ಮೈಕ್ ಇಟ್ರ ಕೂಗತದ" ಅಂದ ಬಾಕ್ಸಿನ ಹುಡುಗ. ಅರ್ಧ ಗಂಟೆ ಆದ ಮೇಲೆ ತಂಬೂರಿ ಹಿಡಿದವರು ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ತಾಳ ಎತ್ತಿಕೊಂಡರು. ಮೊಬೈಲಿನಲ್ಲಿ ತಾನಪುರಾ ಆಪ್ ಹಾಕಿ ಅದನ್ನೇ ಮಿಕ್ಸರಿಗೆ ಚುಚ್ಚಿದರು. ಸರಿ, ಶಿಶುನಾಳ ಶರೀಫರ ತತ್ವಪದ ಶುರುವಾಯಿತು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ತತ್ವಪದದಲ್ಲಿ ಶಬ್ದ ತಿಳಿಯದಿದ್ದರೆ ಉಳಿಯೋದೇನು ಹೇಳಿ?

ಹೊರಗೆ ಬಂದಾಗ ಕಾಕಾ ಅಂದರು, "ಹೆಂಗಿತ್ತೋ? ಮೊದಲ ತಂಬೂರಿ ಕೇಳಸ್ತಿರಲಿಲ್ಲ, ಏನೂ ಕೇಳಸ್ತಿರಲಿಲ್ಲ. ಹಳೇ ಕಾಲದಾಗ ಅಂಪ್ಲಿಫೈಯರ್ ಇರಲಿಲ್ಲ ಅಂತ ಬುರುಡಿ ಹಚ್ಚತಿದ್ರು. ಈಗ ಯಾಕ ಬೇಕು ಬುರುಡಿ?"

ನನ್ನ ಜಗಳ ಇರೋದು ಈ ಮಾತಿನ ಜೊತೆ. ಇದು ಕಾಕಾ ಒಬ್ಬರ ಮಾತಲ್ಲ. ನನ್ನ ಜೊತೆ ಇ ಅಂಡ್ ಸಿ ಓದಿದ ಗೆಳೆಯರೂ ಇದನ್ನೇ ಹೇಳುತ್ತಾರೆ, "ಗೋರ್ಡ್ ಈಸ್ ಎ ನ್ಯಾಚುರಲ್ ಅಂಪ್ಲಿಫೈಯರ್" ಅಂತ ಇಂಗ್ಲಿಷಿನಲ್ಲಿ. ಅಲ್ಲ ಸ್ವಾಮಿ. ಬುರುಡೆ ಏನನ್ನೂ ಅಂಪ್ಲಿಫೈ ಮಾಡೋದಿಲ್ಲ. ಅದು ಬುರುಡೆ ಬಿಡುವ ಮಾತು.

ಒಂದು ತಂತಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿ ನೋಡಿ. ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳಿಸದು. ತಂತಿ ಬಲವಾಗಿಯೇ ಅಲುಗುತ್ತಿರುತ್ತದೆ, ಆದರೆ ಅದು ಎಷ್ಟು ಸಣ್ಣ ಅಂದರೆ ಮುಂದೆ ತಳ್ಳಿದ ಗಾಳಿ ಸುತ್ತಿ ಬಂದು ಹಿಂದೆ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಕಸಬರಿಗೆ ಕಡ್ಡಿ ಹಿಡಿದು ಗಾಳಿ ಬೀಸಿಕೊಂಡ ಹಾಗೆ. ಎಷ್ಟು ಬೀಸಿದರೂ ಬೆವರು ಆರುವುದಿಲ್ಲ. ಅದೇ ಕೈಗೆ ಬೀಸಣಿಗೆ ಕೊಡಿ, ಗಾಳಿ ಬರುತ್ತದೆ. ಬೀಸಣಿಗೆ ಗಾಳಿ "ಉತ್ಪಾದಿಸಿತಾ"? ಇಲ್ಲ. ಶಕ್ತಿ ನಿಮ್ಮ ತೋಳಿನದೇ. ಬೀಸಣಿಗೆ ಆ ಶಕ್ತಿಯನ್ನು ಗಾಳಿಗೆ ದಾಟಿಸಿತು. ಮತ್ತು ಗಮನಿಸಿ, ಕಡ್ಡಿ ಬೀಸಿದಾಗ ಸೋಲದ ತೋಳು ಬೀಸಣಿಗೆ ಬೀಸಿದರೆ ಬೇಗ ಸೋಲುತ್ತದೆ.

ತಂಬೂರಿಯಲ್ಲಿ ಆಗೋದೂ ಇಷ್ಟೇ. ತಂತಿಯ ಅಲುಗಾಟ ಕುದುರೆಗೆ ಬರುತ್ತದೆ, ಕುದುರೆಯಿಂದ ತಬಲಿಗೆ (ಬುರುಡೆಯ ಮುಚ್ಚಳದ ಹಲಗೆ), ತಬಲಿ ಅಗಲವಾಗಿರುವುದರಿಂದ ಗಾಳಿಯನ್ನು ಹಿಡಿದು ತಳ್ಳುತ್ತದೆ. ಬುರುಡೆ ಆ ತಬಲಿಯ ಮುಂದಿನ ಗಾಳಿ, ಹಿಂದಿನ ಗಾಳಿ ಒಂದಕ್ಕೊಂದು ಹೊಡೆದುಕೊಳ್ಳದಂತೆ ಗೋಡೆ ಕಟ್ಟುತ್ತದೆ, ಒಳಗಿನ ಗಾಳಿಯನ್ನೂ ಕುಣಿಸುತ್ತದೆ. ಬೆರಳು ಕೊಟ್ಟ ಶಕ್ತಿಗಿಂತ ಒಂದು ಚಿಟಿಕೆಯೂ ಹೆಚ್ಚು ಹೊರಬರುವುದಿಲ್ಲ. ಜೋರು ಕೇಳಿಸಿದ್ದಕ್ಕೆ ಬೆಲೆಯನ್ನು ತಂತಿ ಕೊಡುತ್ತದೆ, ಬೇಗ ಸುಮ್ಮನಾಗುತ್ತದೆ. ನಂಬಿಕೆ ಬರದಿದ್ದರೆ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡ ರೂಮ್‌ಮೇಟ್ ಹತ್ತಿರ ಹೋಗಿ, ವೈರ್ ಕಿತ್ತು ಮೀಟಿ ನೋಡಿ. ಗಟ್ಟಿ ಹಲಗೆ ಶಕ್ತಿ ತಗೊಳ್ಳೋದಿಲ್ಲ, ದನಿ ಚಿಕ್ಕದು, ಆದರೆ ತಂತಿ ಬಹಳ ಹೊತ್ತು ಅಲುಗುತ್ತಲೇ ಇರುತ್ತದೆ.

ಅಂಪ್ಲಿಫೈಯರ್ ಬೇರೆ ಜಾತಿ. ಅದು ಗೋಡೆಯ ಪ್ಲಗ್ಗಿನಿಂದ ಕರೆಂಟು ಕುಡಿದು, ಆ ಕರೆಂಟಿಗೆ ಹಾಡಿನ ಆಕಾರ ಕೊಟ್ಟು ಉಗುಳುತ್ತದೆ. ಮನುಷ್ಯ ಮಾತಾಡುವಾಗ ಹೊರಬರುವ ಶಬ್ದಶಕ್ತಿ ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಅದರ ಹೆಸರಲ್ಲಿ ನೂರಾರು ವ್ಯಾಟಿನ ಬಾಕ್ಸು ಮಾತಾಡುತ್ತದೆ. ಬೇಕಾದ ಕಡೆ ಬೇಕು, ನಾನು ಬೇಡ ಅಂದಿಲ್ಲ. ಆದರೆ ಬುರುಡೆ ಅದರ ಬಡ ಅಣ್ಣ ಅಲ್ಲ.

ಇನ್ನು ಜವಾರಿ. ನಮ್ಮ ಕಡೆ ಜವಾರಿ ಅಂದ ಕೂಡಲೇ ಜವಾರಿ ಕೋಳಿ, ಜವಾರಿ ಸೌತೀಕಾಯಿ ನೆನಪಾಗುತ್ತದೆ. ಇದು ತಂಬೂರಿಯ ಜವಾರಿ. ಗಿಟಾರಿನ ಕುದುರೆ ಚೂಪು, ತಂತಿ ಅದನ್ನು ಒಂದೇ ಕಡೆ ಮುಟ್ಟುತ್ತದೆ. ತಂಬೂರಿಯ ಕುದುರೆ ಅಗಲ, ಮೇಲ್ಮೈ ಕಂಡೂ ಕಾಣದಷ್ಟು ಬಾಗಿದೆ. ತಂತಿ ಅಲುಗಿದಾಗಲೆಲ್ಲ ಆ ಬಾಗಿನ ಮೇಲೆ ಸವರಿ ಸವರಿ ಹೋಗುತ್ತದೆ, ತಂತಿಯ ಉದ್ದವೇ ಕ್ಷಣಕ್ಷಣಕ್ಕೆ ಒಂದು ಕೂದಲೆಳೆ ಬದಲಾಗುತ್ತದೆ. ಈ ಸವರಾಟದಲ್ಲಿ ಕೆಳಗಿನ ಸ್ವರದ ಶಕ್ತಿ ಮೇಲಿನ ಸ್ವರಾಂಶಗಳಿಗೆ ಹರಿಯುತ್ತದೆ. ಮೀಟಿದ ಮೇಲೆ ದನಿ ಮುದುಡುವ ಬದಲು ಅರಳುತ್ತದಲ್ಲ, ಅದಕ್ಕೆ ಇದೇ ಕಾರಣ. ತಂತಿಯ ಕೆಳಗೆ ಇಡುವ ಹತ್ತಿಯ ದಾರ, ಅಂದರೆ ಜೀವಾಳ, ತಂತಿ ಎಲ್ಲಿಂದ ಸವರಬೇಕು ಅನ್ನೋದನ್ನು ನಿರ್ಧರಿಸುತ್ತದೆ. ದಾರ ಒಂದು ಸಾಸಿವೆಯಷ್ಟು ಜರುಗಿದರೆ ಗುಂಗೇ ಮಾಯ. ಏನು ಹೆಸರಿಟ್ಟಿದ್ದಾರೆ ನೋಡಿ!

ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಬಗ್ಗೆ ಪ್ರಬಂಧ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೀರೋ ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಸ್ವರಾಂಶಗಳು ಹುಟ್ಟಲೇಬಾರದು ಅಂತ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ತಂಬೂರಿ ಮತ್ತು ವೀಣೆಯಲ್ಲಿ ಅವು ಹುಟ್ಟುತ್ತವೆ, ಅದೂ ಜೋರಾಗಿ ಅಂತ ರಾಮನ್ ತೋರಿಸಿದರು. ಅದರ ಗುಟ್ಟು ಈ ಕುದುರೆ. ಅವರಿಗೆ ನೊಬೆಲ್ ಬಂದದ್ದು ಬೆಳಕಿನ ಕೆಲಸಕ್ಕೆ, 1930ರಲ್ಲಿ. ನಮ್ಮ ಪಠ್ಯಪುಸ್ತಕದಲ್ಲಿ ಅಷ್ಟೇ ಇತ್ತು. ನಾಲ್ಕು ವರ್ಷ ಸಿಗ್ನಲ್ಸ್ ಓದಿ, ಫೊರಿಯರ್ ಸೀರೀಸ್ ಬಾಯಿಪಾಠ ಮಾಡಿ ಪಾಸಾದ ನನಗೆ ಮನೆಯ ಮೂಲೆಯಲ್ಲೇ ಫೊರಿಯರ್ ಸೀರೀಸ್ ಒರಗಿ ನಿಂತಿದೆ ಅಂತ ಯಾವ ಮೇಷ್ಟರೂ ಹೇಳಲಿಲ್ಲ.

ಇಲ್ಲಿ ಕಾಕಾನ "ಕೇಳಸೂದಿಲ್ಲ"ಕ್ಕೂ ಉತ್ತರ ಇದೆ. ನಮ್ಮ ಕಿವಿ ಎಲ್ಲ ಸ್ವರಕ್ಕೂ ಒಂದೇ ಸಮ ಚುರುಕಲ್ಲ. 2000ದಿಂದ 5000 ಹರ್ಟ್ಸ್ ನಡುವೆ ಅದು ಬಹಳ ಚುರುಕು. 100 ಹರ್ಟ್ಸ್ ಕೆಳಗೆ ಮೊಂಡು. ಜವಾರಿ ಮಾಡೋದೇನು? ಮೊಂಡು ಜಾಗದಲ್ಲಿದ್ದ ಶಕ್ತಿಯನ್ನು ಚುರುಕು ಜಾಗಕ್ಕೆ ಸಾಗಿಸುತ್ತದೆ. ಶಕ್ತಿ ಅಷ್ಟೇ, ಕೇಳಿಸೋದು ಹೆಚ್ಚು! ಒಂದು ವ್ಯಾಟ್ ಕರೆಂಟಿಲ್ಲದೆ ಮಾಡಿದ ಈ ಕೆಲಸವನ್ನು ಇಂಜಿನಿಯರಿಂಗ್ ಅನ್ನದೆ ಏನನ್ನಬೇಕು?

ಆ ಇಂಜಿನಿಯರುಗಳು ಇರೋದು ಮಿರಜದಲ್ಲಿ. 19ನೇ ಶತಮಾನದಲ್ಲಿ ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು ವಾದ್ಯದ ಕೆಲಸಕ್ಕೆ ಬಂದು 'ಸಿತಾರ್‌ಮೇಕರ್' ಅಂತಲೇ ಅಡ್ಡಹೆಸರು ಪಡೆದರು. ಸೋರೆಬುರುಡೆ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಿಂದ ಬರುತ್ತದೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಾನಪುರಾಕ್ಕೆ ಜಿಐ ಟ್ಯಾಗ್ ಬಂತು. ಅದೇ ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರ ಹತ್ತಿರ ಕಲಿಯೋಕೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ನಮ್ಮ ಅಜ್ಜನೂ ರೈಲಿನಲ್ಲಿ ಮಿರಜಕ್ಕೆ ಹೋಗಿ ತಂಬೂರಿ ತಂದವನು, ವಾಪಸ್ ಬರುವಾಗ ಅದನ್ನು ಸೀಟಿನಲ್ಲಿ ಕೂರಿಸಿ ತಾನು ನಿಂತು ಬಂದನಂತೆ.

ಉಳಿದ ವಾದ್ಯಗಳನ್ನೂ ಒಮ್ಮೆ ನೋಡಿಬಿಡಿ, "ನ್ಯಾಚುರಲ್ ಅಂಪ್ಲಿಫೈಯರ್" ಎಲ್ಲಾದರೂ ಸಿಗುತ್ತದಾ ಅಂತ. ಕೊಳಲಿನಲ್ಲಿ ಅಲುಗೋದೇ ಗಾಳಿ, ದಾಟಿಸೋಕೆ ಮತ್ತೇನೂ ಬೇಕಿಲ್ಲ. ಪೇಟಿಯ ಹಿತ್ತಾಳೆ ರೀಡನ್ನು ಹೊರಗೆ ತೆಗೆದು ಉಗುರಿನಿಂದ ಮೀಟಿದರೆ 'ಟಿಂಕ್' ಅನ್ನುತ್ತದೆ, ಮುಗಿಯಿತು. ತಿದಿಯ ಗಾಳಿ ಅದರ ಸಂದಿಯಲ್ಲಿ ನುಗ್ಗಿದಾಗ ಮಾತ್ರ ಅದು ಗಾಳಿಯನ್ನು ತುಂಡು ತುಂಡು ಮಾಡಿ ಬಿಡುತ್ತದೆ. ಅಲ್ಲಿ ದನಿ ಆ ಗಾಳಿಯ ತುಂಡುಗಳದ್ದು, ಹಿತ್ತಾಳೆಯದ್ದಲ್ಲ. (ಪೇಟಿಯನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅದು ಇನ್ನೊಂದು ಜಗಳ, ಇನ್ನೊಮ್ಮೆ.) ತಬಲಾದ ಕಪ್ಪು ಶಾಯಿ ಚರ್ಮದ ನಡುವಿಗೆ ಭಾರ ಕೊಟ್ಟು ಅದರ ಅಡ್ಡಾದಿಡ್ಡಿ ಸ್ವರಾಂಶಗಳನ್ನು ಸಾಲಿಗೆ ತರುತ್ತದೆ. ಇದನ್ನೂ ರಾಮನ್ 1920ರಲ್ಲೇ ಬರೆದರು.

ನನಗೆ ಎಲ್ಲಕ್ಕಿಂತ ಇಷ್ಟದ್ದು ಚೌಡಕಿ. ಯಲ್ಲಮ್ಮನ ಹಾಡಿನವರ ಕೈಯಲ್ಲಿ ನೋಡಿರುತ್ತೀರಿ. ಅದರಲ್ಲಿ ಕುದುರೆಯೂ ಇಲ್ಲ, ತಬಲಿಯೂ ಇಲ್ಲ. ತಂತಿಯ ಒಂದು ತುದಿ ನೇರವಾಗಿ ಚರ್ಮದ ನಡುವಿಗೇ ಕಟ್ಟಿದೆ! ತಂತಿ ಜಗ್ಗಿದಾಗೆಲ್ಲ ಇಡೀ ಚರ್ಮ ಜಗ್ಗುತ್ತದೆ. ಬಿಗಿ ಹೆಚ್ಚುಕಡಿಮೆ ಮಾಡಿದರೆ ಸ್ವರ ಏರಿಳಿಯುತ್ತದೆ, ಹೆಚ್ಚುಕಡಿಮೆ ಮಾತಾಡುತ್ತದೆ. ತಂತಿವಾದ್ಯವೋ ಚರ್ಮವಾದ್ಯವೋ ಅಂತ ಪಂಡಿತರು ಜಗಳ ಆಡಿಕೊಳ್ಳಲಿ. ಶಕ್ತಿ ದಾಟಿಸುವ ದಾರಿಯಲ್ಲಿ ಇಷ್ಟು ಕಡಿಮೆ ಕೈ ಬದಲಾಗುವ ವಾದ್ಯ ನಾನು ಬೇರೆ ಕಂಡಿಲ್ಲ.

ಈಗ ಗುಡಿಯ ಹಾಲಿಗೆ ವಾಪಸ್ ಬರೋಣ. ಅಲ್ಲಿ ಶಬ್ದ ತಿಳಿಯದಿದ್ದದ್ದು ದನಿ ಸಾಲದೇ ಅಲ್ಲ. ಜೀರ್ಣೋದ್ಧಾರ ಅಂತ ನೆಲಕ್ಕೆ ಗ್ರಾನೈಟ್, ಗೋಡೆಗೆ ಆಳೆತ್ತರ ಟೈಲ್ಸ್, ಮೇಲೆ ಬೋಳು ಸ್ಲ್ಯಾಬ್ ಮಾಡಿಸಿದರು. ಶಬ್ದ ಹೀರಿಕೊಳ್ಳೋಕೆ ಅಲ್ಲಿ ಮನುಷ್ಯರ ಮೈ ಬಿಟ್ಟರೆ ಏನೂ ಇಲ್ಲ. ಒಂದು ಅಕ್ಷರ ಸಾಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ. ಬಾಕ್ಸ್ ಇಟ್ಟರೆ? ಹಾಡೂ ಜೋರಾಗುತ್ತದೆ, ಗೋಡೆಯಿಂದ ವಾಪಸ್ ಬರುವ ಗದ್ದಲವೂ ಅಷ್ಟೇ ಜೋರಾಗುತ್ತದೆ. ಗಲೀಜು ನೀರಿಗೆ ದೊಡ್ಡ ಪಂಪ್ ಹಚ್ಚಿದ ಹಾಗೆ. ಮೇಲಿಂದ, ಗದ್ದಲದಲ್ಲಿ ಮನುಷ್ಯ ತಾನಾಗಿಯೇ ದನಿ ಏರಿಸುತ್ತಾನೆ. ತಾಳದವರು ಜೋರು ಬಡಿದರು, ಹಾಡುವವರು ಕೂಗಿದರು, ಬಾಕ್ಸಿನ ಹುಡುಗ ಇನ್ನೊಂದು ಪಾಯಿಂಟ್ ಏರಿಸಿದ, ತಾಳದವರು ಇನ್ನೂ ಜೋರು ಬಡಿದರು. ನಮ್ಮ ಭಾಷೆಯಲ್ಲಿ ಇನ್‌ಫೈನೈಟ್ ಲೂಪ್!

1895ರಲ್ಲಿ ಹಾರ್ವರ್ಡಿನಲ್ಲಿ ಹೀಗೇ ಮಾತು ತಿಳಿಯದ ಒಂದು ಉಪನ್ಯಾಸ ಕೋಣೆ ಇತ್ತು. ಅದನ್ನು ಸರಿಮಾಡು ಅಂತ ವ್ಯಾಲೆಸ್ ಸಬೈನ್ ಎಂಬ ಚಿಕ್ಕ ವಯಸ್ಸಿನ ಮೇಷ್ಟರಿಗೆ ವಹಿಸಿದರು. ಆತ ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊರಿಸಿ ತಂದು ಕೋಣೆಯಲ್ಲಿಟ್ಟು, ಎಷ್ಟು ದಿಂಬಿಗೆ ಗುಂಜಾಟ ಎಷ್ಟು ಕಡಿಮೆಯಾಯಿತು ಅಂತ ಅಳೆದ. ಬೆಳಗಾಗುವುದರೊಳಗೆ ದಿಂಬು ವಾಪಸ್. ಕೋಣೆಯ ಶಬ್ದಶಾಸ್ತ್ರ ಹುಟ್ಟಿದ್ದು ಹೀಗೆ. ನಮಗೆ ಹಾರ್ವರ್ಡಿನ ದಿಂಬು ಯಾಕೆ? ಪಕ್ಕದಲ್ಲೇ ನವಲಗುಂದ ಇದೆ, ಜಮಖಾನೆಗೇ ಹೆಸರಾದ ಊರು. ನೆಲಕ್ಕೆ ನಾಲ್ಕು ದಪ್ಪನೆಯ ಜಮಖಾನೆ, ಹಿಂದಿನ ಗೋಡೆಗೆ ಮಡಿಕೆ ಬರುವಂತೆ ಭಾರದ ಪರದೆ, ಎಲ್ಲರೂ ನಾಲ್ಕು ಅಡಿ ಮುಂದೆ ಜರುಗಿ ಕೂರೋದು. ಬಾಕ್ಸಿನ ದುಡ್ಡಿನ ಕಾಲುಭಾಗ ಸಾಕು.

"ಹಂಗಾದ್ರ ಮೈಕೇ ಬ್ಯಾಡೇನು? ಎತ್ತಿನ ಗಾಡಿ ಕಾಲಕ್ಕ ಹೋಗೂಣೇನು?" ಅಂತೀರಿ. ಇಲ್ಲಪ್ಪ. ಭೀಮಸೇನ ಜೋಶಿಯವರನ್ನು ಬಯಲಲ್ಲಿ ಸಾವಿರಾರು ಜನ ಕೂತು ಕೇಳಿದ್ದು ಮೈಕಿನಿಂದಲೇ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಹೋಗುತ್ತದೆ, ಅಲ್ಲಿ ತಂಬೂರಿಯ ತಬಲಿ ಏನು ಮಾಡೀತು? ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಹುಡುಗರಾಗಿದ್ದಾಗ ಕಂಪನಿ ನಾಟಕದ ರಂಗದ ಮೇಲೆ ಹಾಡಿದವರು, ಹಾಗೆ ತೆರೆದ ಗಂಟಲಲ್ಲಿ ಕೊನೇ ಸಾಲಿಗೆ ಮುಟ್ಟಿಸೋಕೆ ಎಲ್ಲರಿಗೂ ಆಗೋದಿಲ್ಲ. ಮೆಲುದನಿಯವರಿಗೆ, ವಯಸ್ಸಾದವರಿಗೆ ಮೈಕ್ ಬದುಕು ಕೊಟ್ಟಿದೆ. ಎಲೆಕ್ಟ್ರಾನಿಕ್ ತಂಬೂರಿಯನ್ನೂ ಬೈಯೋದಿಲ್ಲ. ಬೆಂಗಳೂರಿನ ಜಿ. ರಾಜನಾರಾಯಣ್, ತಾವೇ ಕೊಳಲು ನುಡಿಸುವವರು, ಎಪ್ಪತ್ತರ ದಶಕದ ಕೊನೆಗೆ ಅದನ್ನು ತಂದಾಗ ಪಿಜಿ ರೂಮಿನಲ್ಲಿ ಒಬ್ಬನೇ ಕೂತು ಅಭ್ಯಾಸ ಮಾಡುವವನಿಗೆ ಶ್ರುತಿ ಸಿಕ್ಕಿತು. ನಾನೂ ಆಪ್ ಇಟ್ಟುಕೊಂಡಿದ್ದೇನೆ. ಆದರೆ ನಿಜವಾದ ತಂಬೂರಿಯನ್ನು ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ಅದರ ರೆಕಾರ್ಡಿಂಗನ್ನು ಬಾಕ್ಸಿನಲ್ಲಿ ಹಾಕುವುದು ಇದೆಯಲ್ಲ... ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿರುವಾಗ ಹೊರಗೆ ಕೂತು ರೊಟ್ಟಿಯ ಫೋಟೋ ನೋಡಿದಂತೆ.

ನನ್ನ ಪಕ್ಷ ಅಂದುಕೊಂಡು ಬರುವ ಇನ್ನೊಂದು ಗುಂಪಿಗೂ ಒಂದು ಮಾತು. ತಂಬೂರಿಯ ಕಂಪನದಿಂದ ಜೀವಕೋಶ ಶುದ್ಧವಾಗುತ್ತದೆ, 432 ಹರ್ಟ್ಸೇ ದೇವರ ಶ್ರುತಿ ಅಂತ ವಾಟ್ಸಾಪ್ ಮಾಡುವವರು ದಯವಿಟ್ಟು ದೂರ ಇರಿ. ನಮ್ಮ ಸಂಗೀತದಲ್ಲಿ ಷಡ್ಜ ಹಾಡುವವನ ಗಂಟಲಿಗೆ ತಕ್ಕ ಹಾಗೆ, ಕಪ್ಪು ಒಂದೋ ಬಿಳಿ ನಾಲ್ಕೋ. ಅದಕ್ಕೆ ದೇವರು ಒಂದು ನಂಬರ್ ಬರೆದಿಟ್ಟಿಲ್ಲ. ಬುರುಡೆಯ ವಿಜ್ಞಾನವೇ ಸಾಕಷ್ಟು ಚೆಂದ ಇರುವಾಗ ಈ ಬುರುಡೆ ಯಾಕೆ?

ಗುಡಿಯ ಬಾಕ್ಸು ಗುಡಿಯಲ್ಲೇ ಉಳಿಯೋದಿಲ್ಲ ಅನ್ನೋದು ನನ್ನ ನಿಜವಾದ ಭಯ. ಹೋಳಿಗೆ ಅದೇ ಬಾಕ್ಸ್ ಟ್ರ್ಯಾಕ್ಟರ್ ಹತ್ತುತ್ತದೆ. ನಮ್ಮ ಸೀಮೆಯ ಹೋಳಿ ಅಂದರೆ ಹಲಗಿ, ಜಗ್ಗಲಗಿ. ಹಲಗಿಗೆ ಹಿಂದೆ ಪೆಟ್ಟಿಗೆಯೂ ಇಲ್ಲ ಬುರುಡೆಯೂ ಇಲ್ಲ, ಒಂದು ಬಳೆ, ಒಂದು ಚರ್ಮ. ಬೆಂಕಿಗೆ ಹಿಡಿದು ತೇವ ಆರಿಸಿ ಬಿಗಿ ಮಾಡೋದೇ ಅದರ ಶ್ರುತಿ. ಜಗ್ಗಲಗಿ ಅಂದರೆ ಗಾಡಿಯ ಗಾಲಿಗೆ ಎತ್ತಿನ ಚರ್ಮ ಬಿಗಿದದ್ದು, ಉರುಳಿಸಿಕೊಂಡು ಬಾರಿಸುತ್ತಾ ಬಂದರೆ ಗುಡುಗು. ಹುಬ್ಬಳ್ಳಿ ತಾಲೂಕಿನ ಬ್ಯಾಹಟ್ಟಿಯ ಮೇಳ ಹೆಸರುವಾಸಿ. ಅದು ಸಣ್ಣ ಸದ್ದಲ್ಲ, ಹತ್ತಿರ ನಿಂತರೆ ಕಿವಿಗೆ ಅದೂ ಒಳ್ಳೆಯದಲ್ಲ, ಒಪ್ಪುತ್ತೇನೆ. ಆದರೆ ಬಾರಿಸುವವನ ತೋಳು ಸೋಲುತ್ತದೆ, ಜನರೇಟರ್ ಸೋಲುವುದಿಲ್ಲ. (ಹಲಗಿ ಬಿಟ್ಟವರಿಗೆ ಮರಳಿ ಹಿಡಿಯಿರಿ ಅಂತ ನಾನು ಹೇಳಲಾರೆ. ಹಲಗಿ ಬೇಕು, ಬಾರಿಸುವವನು ಮಾತ್ರ ಕಟ್ಟೆಯ ಕೆಳಗೆ ನಿಲ್ಲಬೇಕು ಅಂದ ಊರುಗಳು ನಮ್ಮವು. ಅವರು ಬಿಟ್ಟಿದ್ದರೆ ಅವರಿಗೆ ಕಾರಣ ಇದೆ.)

ನಮ್ಮಪ್ಪ ಕೆಲಸ ಮಾಡೋದು ಇದೇ ತಾರಿಹಾಳದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ. ಕಿವಿಗೆ ಪ್ಲಗ್ ಹಾಕದೆ ಒಳಗೆ ಬಿಡೋದಿಲ್ಲ. 85 ಡೆಸಿಬೆಲ್ಲಿನಲ್ಲಿ ದಿನಕ್ಕೆ 8 ತಾಸು ತಡೆಯಬಹುದು, ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ, 100 ಆದರೆ ಕಾಲು ತಾಸು ಅಂತ ಲೆಕ್ಕ ಇದೆ. ಅದೇ ಅಪ್ಪ ಗಣಪತಿ ಬಿಡುವ ದಿನ ಡಿಜೆ ಮುಂದೆ ಬರೀ ಕಿವಿಯಲ್ಲಿ ಎರಡು ತಾಸು ನಿಲ್ಲುತ್ತಾನೆ. ಈಗ ಎಡಗಿವಿಯಲ್ಲಿ ಸದಾ ಕೀಂ ಅನ್ನುತ್ತದಂತೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ 2000ದ ನಿಯಮ ಹೇಳುತ್ತದೆ. ಹೇಳುತ್ತದೆ.

ಹಾಗಾಗಿ 15 ಸಾವಿರ ಕೊಡೋದಿಲ್ಲ ಅಂದೆ. ಆದರೆ ಮೊನ್ನೆ ಮತ್ತೆ ಕಾಕಾಗೆ ಫೋನ್ ಮಾಡಿ ಹೇಳಿದೆ, 20 ಕೊಡ್ತೀನಿ, ಜಮಖಾನೆ ತರ್ರಿ, ತಂಬೂರಿ ಮಿರಜಕ್ಕ ಕಳಿಸಿ ಜವಾರಿ ಮಾಡಸ್ರಿ, ಉಳಿದಿದ್ದು ಪರದೆಗೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಡಿ, ಅದರ ಜವಾರಿ ಹೋಗೇದೋ ಏನೋ ನೋಡೇ ಬಿಡ್ತೀನಿ" ಅಂತ ಎದ್ದು ಹೋದರು. ಕಿರುಗಣೆ ತಿರುವುವ ಕಿರ್ರ್ ಸದ್ದು. ಆಮೇಲೆ ಒಂದು ಪಂಚಮ, ಎರಡು ಷಡ್ಜ, ಕೊನೆಗೆ ಖರ್ಜ.

ಅಜ್ಜನ ಶ್ರುತಿ ಕಪ್ಪು ಒಂದು. ಖರ್ಜ ಷಡ್ಜ ಸುಮಾರು 69 ಹರ್ಟ್ಸ್. ಮೊಬೈಲಿನ ಕಿವಿಯ ಹತ್ತಿರದ ಆ ಪುಟ್ಟ ಸ್ಪೀಕರ್ ಅದನ್ನು ಹೊರಡಿಸಲಾರದು. ಅಲ್ಲಿಂದ ಬಂದದ್ದು ಬರೀ ಮೇಲಿನ ಸ್ವರಾಂಶಗಳು, ತಳ ನನ್ನ ತಲೆಯೇ ಹಾಕಿಕೊಂಡದ್ದು. ಆದರೂ ಖರ್ಜ ಕೇಳಿಸಿತು, ಗುಂಡಾಗಿ, ಸ್ವಲ್ಪ ಮಬ್ಬಾಗಿ. ದಾರ ಹೋಗಿದೆ, ಬದಲಾಯಿಸಬೇಕು.

"ಕೇಳಸ್ತೇನ?"

"ಕೇಳಸ್ತ್ರಿ ಕಾಕಾ, ಭಾಳ ಚಲೋ ಕೇಳಸ್ತು."

"ಎಲ್ಲಿಂದ ಕೇಳಸ್ತಲೇ? ಸ್ಪೀಕರಿನ್ಯಾಗಿಂದ ಅಲ್ಲೇನ?" ಅಂದು ನಕ್ಕರು. "ಸೋಮವಾರ ಮೀಟಿಂಗ್ ಐತಿ. ಹೇಳಿ ನೋಡ್ತೀನಿ. ಬಾಕ್ಸಿನಂವಗ ಮಾತ್ರ ಆಗಲೇ ಅಡ್ವಾನ್ಸ್ ಕೊಟ್ಟಾರ."